ಬೋರ್ಡ್ ಗೋಡೆಗೆ ಸಿಮೆಂಟ್ ಗಾರೆ: ಬಲೆಗಿಂತ ಮೊದಲು ಕಾಗದ

ಪ್ರಶ್ನೆ: ಮಡಿಕೇರಿ ಹತ್ತಿರ ತೋಟದಲ್ಲಿ ನಮ್ಮ ಮನೆ. ಕೆಳಗೆ ಸಿಮೆಂಟ್ ಬ್ಲಾಕ್ ಗೋಡೆ. ಹೋಂಸ್ಟೇಗೆಂದು ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ, ಸಿಮೆಂಟ್ ಬೋರ್ಡ್ ಹೊಡೆಸಿ ಎರಡು ಕೋಣೆ ಮಾಡಿಸಿದ್ದೇವೆ. ಎರಡೂ ಅಂತಸ್ತು ಒಂದೇ ಥರ ಕಾಣಲೆಂದು ಮೇಲೂ ಹೊರಗಡೆ ಗಾರೆ ಮಾಡಿಸಬೇಕು. ಬೋರ್ಡಿಗೆ ಕೋಳಿ ಬಲೆ ಹೊಡೆದು ಪ್ಲಾಸ್ಟರ್ ಮಾಡಿದರೆ ಸಾಕು, ಬೇಕಿದ್ದರೆ ಮಧ್ಯೆ ಒಂದು ಟಾರ್ಪಾಲ್ ಹಾಕೋಣ ಎನ್ನುತ್ತಾರೆ ಮೇಸ್ತ್ರಿ. ಮಳೆಗಾಲಕ್ಕೆ ತಡೆಯುತ್ತದೆಯೇ? ಕೆಳಗಿನ ಗೋಡೆಗೂ ಇದೆಲ್ಲ ಬೇಕೇ?

ಉತ್ತರ: ತಡೆಯುವುದಿಲ್ಲ. ಸಿಮೆಂಟ್ ಗಾರೆ ಎಷ್ಟೇ ಗಟ್ಟಿಯಾಗಿದ್ದರೂ ನೀರು ಹೀರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ, ಗಾಳಿಗೆ ಇರಚಲು ಹೊಡೆಯುವ ಊರಲ್ಲಂತೂ ಅದು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಬ್ಲಾಕ್ ಗೋಡೆ ಆ ತೇವವನ್ನು ಹೇಗೋ ತಡೆದುಕೊಂಡು ಬಿಸಿಲಿಗೆ ಒಣಗುತ್ತದೆ. ಬೋರ್ಡಿನ ಹಿಂದೆ ಇರುವುದು ಕಬ್ಬಿಣ. ಅಲ್ಲಿಗೆ ನೀರು ಇಳಿದರೆ ತುಕ್ಕು ಹಿಡಿದದ್ದು ನಿಮಗೆ ಕಾಣುವುದೂ ಇಲ್ಲ. ಹಾಗಾಗಿ ಗಾರೆ ದಾಟಿ ಬಂದ ನೀರು ಬೋರ್ಡ್ ಮುಟ್ಟದೆ ಕೆಳಗಿಳಿದು ಹೊರಗೆ ಹೋಗಲು ದಾರಿ ಇರಬೇಕು.

ಟಾರ್ಪಾಲ್ ಬೇಡವೇ ಬೇಡ. ಅದು ಹೊರಗಿನ ನೀರನ್ನು ತಡೆಯುತ್ತದೆ ನಿಜ, ಆದರೆ ಕೋಣೆಯ ಆವಿಯನ್ನೂ ಗೋಡೆಯೊಳಗೇ ಕೂಡಿಹಾಕುತ್ತದೆ. ನೀರು ಬಿಡದ, ಆವಿ ಬಿಡುವ ಹಾಳೆ ಬೇಕು. ಬ್ರೀದಬಲ್ ಮೆಂಬ್ರೇನ್ ಎಂದು ಕೇಳಿ. ಡಾಂಬರು ಹೀರಿಸಿದ ಬಿಲ್ಡಿಂಗ್ ಪೇಪರ್ ಸಿಕ್ಕರೂ ಆಗುತ್ತದೆ. ಎರಡು ಪದರ ಹಾಕಿಸಿ. ಇದು ದುಂದು ಎಂದು ಮೇಸ್ತ್ರಿ ಗೊಣಗಬಹುದು. ಹಸಿ ಗಾರೆ ಹೊರಗಿನ ಪದರಕ್ಕೆ ಅಂಟಿಕೊಳ್ಳುತ್ತದೆ. ಒಣಗುವಾಗ ಆ ಪದರ ಒಳಗಿನದನ್ನು ಬಿಟ್ಟು ಸುಕ್ಕಾಗುತ್ತದೆ, ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ನೀರು ಇಳಿಯುವುದು ಆ ಸಂದಿನಲ್ಲೇ. ಒಂದೇ ಪದರವಿದ್ದರೆ ಗಾರೆ ಅದಕ್ಕೇ ಕಚ್ಚಿಕೊಳ್ಳುತ್ತದೆ, ದಾರಿ ಮುಚ್ಚಿತು.

ಹಾಳೆಯನ್ನು ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಹೆಂಚು ಹೊದಿಸುವ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಹಾಳೆಗಳು ಸೇರುವಲ್ಲಿ ಒಂದರ ಮೇಲೊಂದು ಬರಬೇಕಾದದ್ದು ಅಡ್ಡ ಗೆರೆಯಲ್ಲಿ ಕನಿಷ್ಠ 2 ಅಂಗುಲ, ಮೇಲಿಂದ ಕೆಳಗಿಳಿಯುವ ಗೆರೆಯಲ್ಲಿ 6 ಅಂಗುಲ. ತಪ್ಪು ನಡೆಯುವುದು ಹೆಚ್ಚಾಗಿ ಕಿಟಕಿಯ ಹತ್ತಿರ. ಮೊದಲು ಕಿಟಕಿಯ ಕೆಳಗಂಚಿಗೆ ನೀರು ತಡೆಯುವ ಪಟ್ಟಿ, ಆಮೇಲೆ ಎರಡು ಪಕ್ಕ, ಕೊನೆಗೆ ತಲೆಭಾಗ. ಕಿಟಕಿಯ ಕೆಳಗಿನ ಹಾಳೆಯ ತುದಿ ಕೆಳಗಂಚಿನ ಪಟ್ಟಿಯ ಅಡಿಗೆ ಹೋಗಬೇಕು, ತಲೆಯ ಮೇಲಿನ ಹಾಳೆ ತಲೆಪಟ್ಟಿಯ ಮೇಲೆ ಇಳಿಯಬೇಕು. ಇದು ತಿರುಗುಮುರುಗಾದರೆ ಮಳೆನೀರನ್ನು ನೀವೇ ಒಳಗೆ ಕರೆದ ಹಾಗೆ.

ಗೋಡೆಯ ಬುಡದಲ್ಲಿ ತೂತುಗಳಿರುವ ತಗಡಿನ ಪಟ್ಟಿ ಬರಬೇಕು, ವೀಪ್ ಸ್ಕ್ರೀಡ್ ಎನ್ನುತ್ತಾರೆ. ಹಾಳೆ ಅದರ ಮೇಲೆ ಕೊನೆಯಾಗಬೇಕು. ನಿಮ್ಮಲ್ಲಿ ಅದು ಬಾಲ್ಕನಿಯಂಥ ಗಟ್ಟಿ ನೆಲಕ್ಕಿಂತ 2 ಅಂಗುಲ ಮೇಲಿದ್ದರೆ ಸಾಕು. ಮಣ್ಣಿನ ನೆಲವಾಗಿದ್ದರೆ 4 ಅಂಗುಲ ಬೇಕಿತ್ತು. ಪೂಸಿ ಮುಗಿಸುವಾಗ ಆ ತೂತುಗಳಿಗೆ ಗಾರೆ ಮೆತ್ತದಂತೆ ನೀವೇ ನಿಂತು ನೋಡಿ.

ಈಗ ಬಲೆ. ತೆಳ್ಳನೆಯ ಕೋಳಿ ಬಲೆ ಬೋರ್ಡಿಗೆ ಅಂಟಿ ಕೂರುತ್ತದೆ, ಗಾರೆ ಅದರ ಹಿಂದಕ್ಕೆ ಹೋಗುವುದೇ ಇಲ್ಲ. ಗ್ಯಾಲ್ವನೈಸ್ ಮಾಡಿದ ಎಕ್ಸ್‌ಪಾಂಡೆಡ್ ಮೆಟಲ್ ಲಾತ್, ಅಂದರೆ ತಗಡು ಸೀಳಿ ಹಿಗ್ಗಿಸಿ ಮಾಡಿದ ಬಲೆ ತನ್ನಿ. ಗುಳಿಗಳಿದ್ದು, ಗೋಡೆಯಿಂದ ಕಾಲು ಅಂಗುಲ ತಾನೇ ದೂರ ನಿಲ್ಲುವಂಥದ್ದು ಸಿಕ್ಕರೆ ಒಳ್ಳೆಯದು. ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ ಎಂದು ಅಂಗೈಯಲ್ಲೇ ಪರೀಕ್ಷೆ ಮಾಡಬಹುದು: ಮೇಲಕ್ಕೆ ಸವರಿದರೆ ನುಣ್ಣಗೆ ಜಾರಬೇಕು, ಕೆಳಕ್ಕೆ ಸವರಿದರೆ ತರಚಬೇಕು. ಆಗ ಕಣ್ಣುಗಳು ಮೇಲ್ಮುಖವಾಗಿದ್ದು ಹಸಿ ಗಾರೆಯನ್ನು ಹಿಡಿದುಕೊಳ್ಳುತ್ತವೆ. ತಿರುವಿ ಹೊಡೆದರೆ ಗಾರೆ ಜಾರಿ ಬೀಳುತ್ತದೆ. ಸ್ಕ್ರೂ ಬರೀ ಬೋರ್ಡಿಗಲ್ಲ, ಹಿಂದಿನ ಕಬ್ಬಿಣಕ್ಕೆ ಹೋಗಬೇಕು, 6–7 ಅಂಗುಲಕ್ಕೆ ಒಂದರಂತೆ. ಹಾಳೆ ಹಾಕುವ ಮೊದಲೇ ಫ್ರೇಮಿನ ಜಾಗ ಗುರುತು ಮಾಡಿಟ್ಟುಕೊಳ್ಳಿ, ಆಮೇಲೆ ಹುಡುಕುತ್ತಾ ಸುಮ್ಮನೆ ತೂತು ಕೊರೆಯುವುದು ಬೇಡ.

ಗಾರೆ ಮೂರು ಕೈ, ಒಟ್ಟು 22 ಮಿಲಿಮೀಟರ್ ಆಸುಪಾಸು. ಮೊದಲ ಕೈಗೆ ಅಡ್ಡ ಗೀರು ಹಾಕಿ ಎರಡು ದಿನವಾದರೂ ನೀರುಣಿಸಿ. ಎರಡನೆಯ ಕೈ ಮುಗಿದು ವಾರ ಕಳೆದ ಮೇಲೆ ಕೊನೆಯ ಕೈ. ಗೋಡೆ 18 ಅಡಿಗಿಂತ ಉದ್ದವಿದ್ದರೆ ಬಿರುಕು ಬಿಡದಂತೆ ನಡುವೆ ಜಾಯಿಂಟ್ ಕೊಡಿಸಿ.

ಕೆಳಗಿನ ಬ್ಲಾಕ್ ಗೋಡೆಗೆ ಹಾಳೆ ಬೇಡ, ಇಡೀ ಗೋಡೆಗೆ ಬಲೆಯೂ ಬೇಡ. ಅಲ್ಲಿ ಗಾರೆ ನೇರವಾಗಿ ಬ್ಲಾಕಿಗೇ ಕಚ್ಚಬೇಕು. ಸಂದು ಕೆರೆದು, ಗೋಡೆ ನೆನೆಸಿ, ಕಂಬ–ತೊಲೆ ಬ್ಲಾಕಿಗೆ ಸೇರುವ ಗೆರೆಯ ಎರಡೂ ಬದಿಗೆ 6 ಅಂಗುಲ ಕೋಳಿ ಬಲೆ ಹಾಕಿಸಿ. ಮೇಸ್ತ್ರಿಯ ಬಲೆಗೆ ಸರಿಯಾದ ಜಾಗ ಅದು. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ, ಎರಡು ಕೈಯಲ್ಲಿ 20 ಮಿಲಿಮೀಟರ್.

ಕೆಲಸವನ್ನು ಮಳೆ ಪೂರ್ತಿ ಬಿಟ್ಟ ಮೇಲೆ, ಕಾಫಿ ಕೊಯ್ಲಿನ ಆಳಿನ ತಾಪತ್ರಯ ನೋಡಿಕೊಂಡು, ಕಾಫಿ ಹೂ ಬಿಡಿಸುವ ಹೂಮಳೆಗೆ ಮುಂಚೆ ಮುಗಿಸಿ. ಹಾಳೆ ಮತ್ತು ಕಿಟಕಿ ಪಟ್ಟಿ ಮುಗಿದ ದಿನ, ಬಲೆ ಹೊಡೆಯುವ ಮೊದಲು, ಕಿಟಕಿಗಳ ಮೇಲಿಂದ ಪೈಪಿನಲ್ಲಿ ನೀರು ಬಿಟ್ಟು ಒಳಗಡೆ ಒಬ್ಬರನ್ನು ನಿಲ್ಲಿಸಿ ನೋಡಿ.

ಖರ್ಚು ಕೈಮೀರಿದರೆ ಇದರಲ್ಲಿ ಯಾವುದನ್ನೂ ಅರ್ಧ ಮಾಡಬೇಡಿ. ಗಾಳಿಮಳೆ ಬಡಿಯುವ ಪಶ್ಚಿಮದ ಗೋಡೆಗೆ ಗಾರೆಯನ್ನೇ ಕೈಬಿಟ್ಟು, ಹಾಳೆಯ ಮೇಲೆ ರೀಪು ಹೊಡೆದು ಬಣ್ಣದ ತಗಡು ಹೊದಿಸಿ. ಚಂದ ತುಸು ಕಮ್ಮಿಯಾದೀತು, ಆದರೆ ಆ ಬದಿಗೆ ನನ್ನ ಆಯ್ಕೆ ಹಣವಿದ್ದರೂ ಅದೇ.