ಕಲಬುರಗಿ ಬಿಸಿಲಿಗೆ ಸಿಪಿಯುಗೆ ಏರ್ ಕೂಲರ್ ಸಾಕಾ, ಲಿಕ್ವಿಡ್ ಬೇಕಾ?

ಮೇ ತಿಂಗಳಲ್ಲಿ ಕಂಪ್ಯೂಟರಿನ ಪ್ರೊಸೆಸರ್ (ಸಿಪಿಯು) ತುಂಬಾ ಕಾಯುತ್ತದೆ, ಲಿಕ್ವಿಡ್ ಕೂಲರ್ ಹಾಕಿಸಲೇಬೇಕಾ ಎಂದು ಕಲಬುರಗಿಯಿಂದ ಕೇಳಿದ್ದೀರಿ. ಬಹುತೇಕರಿಗೆ ಬೇಕಿಲ್ಲ.

ಲೋಹದ ತೆಳು ಹಾಳೆಗಳಿಗೆ (ಫಿನ್) ಫ್ಯಾನ್ ಗಾಳಿ ಊದುವ ಏರ್ ಕೂಲರ್ ಆಗಲಿ, ಪಂಪ್‌ನಿಂದ ದ್ರವ ಹರಿಸುವ ಲಿಕ್ವಿಡ್ ಆಗಲಿ, ಕೊನೆಗೆ ಬಿಸಿ ಬಿಡುವುದು ಕೋಣೆಯ ಗಾಳಿಗೇ ಅಲ್ವಾ? ಹೊರಗೆ 42 ಡಿಗ್ರಿ, ಕೋಣೆಯಲ್ಲಿ 36 ಇದ್ದರೆ, ಲಿಕ್ವಿಡ್ ಹಾಕಿದರೂ ಪ್ರೊಸೆಸರ್ 36ಕ್ಕಿಂತ ಕೆಳಗೆ ಇಳಿಯುವುದಿಲ್ಲ. ರೈಜೆನ್ 5 7600 ತರಹದ 65 ವ್ಯಾಟ್ ಚಿಪ್‌ಗೆ 120 ಎಂಎಂ ಫ್ಯಾನಿನ ಒಳ್ಳೆ ಟವರ್ ಕೂಲರ್, ಅಂದರೆ ಎತ್ತರದ ಏರ್ ಕೂಲರ್, ಧಾರಾಳವಾಗಿ ಸಾಕು. ಕೋರ್ ಐ9-14900ಕೆ ಹಾಗಲ್ಲ, 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದರಲ್ಲಿ ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರು 360 ಎಂಎಂ ರೇಡಿಯೇಟರ್ (ದ್ರವದ ಬಿಸಿಯನ್ನು ಗಾಳಿಗೆ ಬಿಡುವ ಭಾಗ) ಇರುವ ಲಿಕ್ವಿಡ್ ಕೂಲರಿಗೆ ದುಡ್ಡು ಹಾಕಬಹುದು.

ನಾನು ಟವರ್ ಕಡೆ ವಾಲಲು ಇನ್ನೊಂದು ಕಾರಣ ನಮ್ಮ ಕಡೆಯ ಧೂಳು. ಎರಡರಲ್ಲೂ ಕೂರುತ್ತದೆ, ನಿಜ. ಆದರೆ ಟವರಿನಲ್ಲಿ ಕ್ಲಿಪ್ ಬಿಚ್ಚಿ, ಫ್ಯಾನ್ ತೆಗೆದು, ಫಿನ್‌ಗಳಿಗೆ ಬ್ರಷ್ ಹೊಡೆದರೆ ಮುಗೀತು. ಫ್ಯಾನ್ ಕೆಟ್ಟರೆ ಅದೊಂದನ್ನೇ ಬದಲಿಸಿದರಾಯ್ತು. ಲಿಕ್ವಿಡ್‌ನಲ್ಲಿ ಪಂಪ್ ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಹೊಸದು ತರಬೇಕು.

ಟವರ್ ಕೊಳ್ಳುವ ಮುಂಚೆ ಅದರ ಎತ್ತರ ನಿಮ್ಮ ಕ್ಯಾಬಿನೆಟ್ ಒಳಗೆ ಹಿಡಿಯುತ್ತದಾ ನೋಡಿ. ಉಳಿದ ದುಡ್ಡಿಗೆ ಮುಂದೊಂದು, ಹಿಂದೊಂದು ಕೇಸ್ ಫ್ಯಾನ್ ಹಾಕಿಸಿ. ಮನೆಯ ನೀರಿನ ಕೂಲರನ್ನು ಮಾತ್ರ ನೇರವಾಗಿ ಕಂಪ್ಯೂಟರ್ ಕಡೆ ತಿರುಗಿಸಬೇಡಿ, ಹನಿ ಸಿಡಿದು ಬೋರ್ಡ್ ಹೋದೀತು.