ಬೆರಳ ಗೆರೆ ಸವೆದ ಅಮ್ಮನನ್ನು ಅಮೆರಿಕದ ಇಮಿಗ್ರೇಷನ್‌ನಲ್ಲಿ ವಾಪಸ್ ಕಳಿಸುತ್ತಾರಾ?

ನಿಮ್ಮ ಪ್ರಶ್ನೆ ಓದಿದೆ. ಸಾಗರದ ಕಡೆಯ ತೋಟದ ಮನೆ. ಅಮ್ಮನಿಗೆ 63. ಅಡಿಕೆ ಸುಲಿದು ಸುಲಿದು ಬೆರಳ ಗೆರೆ ಸವೆದಿದೆ, ರೇಷನ್ ಅಂಗಡಿಯಲ್ಲಿ ತಂಬ್ ಕೊಟ್ಟರೆ ಮಷಿನ್ ತಗೊಳ್ಳುವುದೇ ಇಲ್ಲ. ಈಗ ನಿಮ್ಮ ಅಕ್ಕನ ಬಾಣಂತನಕ್ಕೆ ಒಬ್ಬರೇ ಅಮೆರಿಕಕ್ಕೆ ಹೊರಡಬೇಕು. ವೀಸಾಗೆ ಇನ್ನೂ ಅರ್ಜಿ ಹಾಕಿಲ್ಲ. ಬೆರಳಚ್ಚು ಬರದಿದ್ದರೆ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸುತ್ತಾರಾ ಎಂದು ಕೇಳಿದ್ದೀರಿ.

ಗೆರೆ ಸವೆದಿದೆ ಎಂಬ ಒಂದೇ ಕಾರಣಕ್ಕೆ ಕಳಿಸುವುದಿಲ್ಲ. ತಡವಾಗಬಹುದು, ನಾಲ್ಕು ಪ್ರಶ್ನೆ ಜಾಸ್ತಿ ಕೇಳಬಹುದು. ಅದಕ್ಕೆ ಮೊದಲೇ ತಯಾರಾಗಬಹುದು. ನಾನು ಬೆಂಗಳೂರಿನಲ್ಲಿ ಬೆರಳಚ್ಚು ಸ್ಕ್ಯಾನರ್‌ಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ನನ್ನ ಅಮ್ಮನದೂ ತೋಟದ ಕೈ, ಅವರೂ ಒಬ್ಬರೇ ತಮ್ಮನ ಮನೆಗೆ ಅಮೆರಿಕಕ್ಕೆ ಹೋಗಿ ಬಂದವರು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ರೇಷನ್ ಅಂಗಡಿಯ ಅನುಭವವನ್ನು ಇದಕ್ಕೆ ಹೋಲಿಸಬೇಡಿ. ಅಲ್ಲಿರುವುದು ಒಂದೇ ಬೆರಳು ಹಿಡಿಸುವ ಸಣ್ಣ ಗಾಜು. ಅದರ ಮೇಲೆ ಬೆರಳಿಟ್ಟಾಗ ಎಷ್ಟೋ ವರ್ಷ ಹಿಂದೆ ಆಧಾರ್‌ಗೆ ಕೊಟ್ಟ ಅಚ್ಚಿನ ಜೊತೆ ತಾಳೆ ನೋಡುತ್ತದೆ. ಆ ಮೇಲೆ ಎಷ್ಟು ಸುಗ್ಗಿ ಕಳೆದಿದೆ, ಕೈ ಎಷ್ಟು ಬದಲಾಗಿದೆ, ಅಲ್ವಾ? ಅಮೆರಿಕದ ಗಡಿಯಲ್ಲಿರುವುದು ನಾಲ್ಕು ಬೆರಳು ಒಟ್ಟಿಗೆ ಇಡುವ ದೊಡ್ಡ ಸ್ಕ್ಯಾನರ್. ತಾಳೆ ನೋಡುವುದು ವೀಸಾಗೆಂದು ಇತ್ತೀಚೆಗೆ ಕೊಟ್ಟ ಹತ್ತು ಬೆರಳಿನ ಅಚ್ಚಿನ ಜೊತೆ. ಜೊತೆಗೆ ಮುಖದ ಫೋಟೋ, ಪಾಸ್‌ಪೋರ್ಟ್, ವೀಸಾ ಎಲ್ಲವೂ ಅಧಿಕಾರಿಯ ಎದುರಿಗೇ ಇರುತ್ತವೆ.

2004ರ ಜನವರಿಯಲ್ಲಿ ಅಮೆರಿಕ ಈ ವ್ಯವಸ್ಥೆ ಶುರು ಮಾಡಿದಾಗ ಎರಡು ತೋರುಬೆರಳು ಮಾತ್ರ ತೆಗೆದುಕೊಳ್ಳುತ್ತಿದ್ದರು. 2007ರ ಕೊನೆಯಿಂದ ಹತ್ತೂ ಬೆರಳಿಗೆ ಬದಲಾಯಿಸತೊಡಗಿದರು. ನಿಮ್ಮ ಅಮ್ಮನಂಥವರಿಗೆ ಇದರಿಂದ ಅನುಕೂಲವೇ ಆಯಿತು. ಸುಲಿಯುವಾಗ ಎಲ್ಲ ಬೆರಳೂ ಒಂದೇ ಥರ ಸವೆಯುವುದಿಲ್ಲ. ಜಾಸ್ತಿ ಪೆಟ್ಟು ಬೀಳುವುದು ಹೆಬ್ಬೆರಳಿಗೆ ಮತ್ತು ತೋರುಬೆರಳಿಗೆ. ಉಂಗುರ ಬೆರಳು, ಕಿರುಬೆರಳು ಎಷ್ಟೋ ಸಲ ಚೆನ್ನಾಗಿಯೇ ಬರುತ್ತವೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಡಿಯ ಬಗ್ಗೆ ಆಮೇಲೆ ಯೋಚಿಸಿ. ನಿಜವಾಗಿ ಗಮನ ಕೊಡಬೇಕಾದದ್ದು ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡುವ ದಿನಕ್ಕೆ. ಮುಂದೆ ಎಲ್ಲ ಕಡೆ ತಾಳೆ ನೋಡುವುದು ಅವತ್ತಿನ ಅಚ್ಚನ್ನೇ. ಅವತ್ತು ಮಸುಕಾಗಿ ಬಂದರೆ ಏರ್‌ಪೋರ್ಟಿನಲ್ಲಿ ಕೈ ಎಷ್ಟೇ ಚೆನ್ನಾಗಿದ್ದರೂ ಹೊಂದಿಸುವುದು ಕಷ್ಟ.

ಬೆರಳ ಗೆರೆಯ ವಿನ್ಯಾಸ ಇರುವುದು ಮೇಲಿನ ತೊಗಲಿನಲ್ಲಿ ಮಾತ್ರ ಅಲ್ಲ. ಅದರ ಬುಡ ಒಳ ಪದರದಲ್ಲಿದೆ, ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿರುತ್ತದೆ. ಮೇಲಿನದು ಸವೆದರೂ ಕೊಯ್ದ ಹುಲ್ಲು ಬೇರಿನಿಂದ ಚಿಗುರುವ ಹಾಗೆ ಅದೇ ಗೆರೆ ಮತ್ತೆ ಬರುತ್ತದೆ. ಹೊಸ ತೊಗಲು ಮೇಲೆ ಬರಲು ಸುಮಾರು ಒಂದು ತಿಂಗಳು ಬೇಕು. ವಯಸ್ಸಾದಂತೆ ಗೆರೆಗಳ ಎತ್ತರ ಕಡಿಮೆಯಾಗುತ್ತದೆ, ಆದ್ದರಿಂದ ಹರೆಯದ ಕೈಯಷ್ಟು ಸ್ಪಷ್ಟ ಆಗಲಿಕ್ಕಿಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರುತ್ತದೆ.

ಆದ್ದರಿಂದ ಸಾಧ್ಯವಾದರೆ ಬಯೋಮೆಟ್ರಿಕ್ಸ್, ಅಂದರೆ ಬೆರಳಚ್ಚು ಕೊಡುವ ಅಪಾಯಿಂಟ್‌ಮೆಂಟ್ ಅಡಿಕೆ ಕೊಯ್ಲಿನ ನಡುವೆ ತೆಗೆದುಕೊಳ್ಳಬೇಡಿ. ಆಗಲೇ ಸಿಕ್ಕರೆ ಒಂದು ತಿಂಗಳು ಅಮ್ಮನನ್ನು ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ಎಬ್ಬಿಸಿ. ಪಾತ್ರೆ ತೊಳೆಯುವ ಪುಡಿ, ಬಟ್ಟೆ ಸೋಪು, ಸುಣ್ಣ, ಸಿಮೆಂಟು ಇವೂ ಬೇಡ. ಅವರು ಒಪ್ಪುವುದಿಲ್ಲ, ನನಗೆ ಗೊತ್ತು. ಮನೆಯವರು ಆ ಕೆಲಸ ಹಂಚಿಕೊಂಡರೆ ಮಾತ್ರ ಇದು ಆಗುತ್ತದೆ, ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ. ರಾತ್ರಿ ಮಲಗುವಾಗ ಬೆರಳಿಗೆ ತೆಂಗಿನೆಣ್ಣೆ ಹಚ್ಚಲಿ. ಬಯೋಮೆಟ್ರಿಕ್ಸ್ ದಿನ ಬೆಳಗ್ಗೆ ಎಣ್ಣೆ ಹೋಗುವ ಹಾಗೆ ಕೈ ತೊಳೆದು ಒರೆಸಿಕೊಳ್ಳಲಿ. ಅಡಿಕೆಯ ಕಪ್ಪು ಕಲೆಯಿಂದ ಅಷ್ಟೇನೂ ತೊಂದರೆಯಿಲ್ಲ. ಒಣಗಿ ಬಿರಿದ ತೊಗಲಿನಿಂದಲೇ ತೊಂದರೆ. ಗೆರೆಗಳು ಗಾಜಿಗೆ ಸರಿಯಾಗಿ ಅಂಟಿದರೆ ಮಾತ್ರ ಸ್ಕ್ಯಾನರ್‌ಗೆ ಕಾಣುತ್ತವೆ, ತೀರಾ ಒಣಗಿದ ಬೆರಳು ಅಂಟುವುದಿಲ್ಲ. ಒದ್ದೆ ಬೆರಳಾದರೆ ಎಲ್ಲ ಕಲಸಿಹೋಗಿ ಕಪ್ಪು ಮುದ್ದೆ ಕಾಣುತ್ತದೆ. ಗಾಜಿನ ಮೇಲೆ ಇಡುವ ಮೊದಲು ಬೆರಳ ತುದಿಯನ್ನು ಹಣೆಗೆ ಒಮ್ಮೆ ಸವರಿಕೊಂಡರೆ ಬೇಕಾದಷ್ಟು ಜಿಡ್ಡು ಸಿಗುತ್ತದೆ. ಇದು ನಮ್ಮ ಕೆಲಸದವರೆಲ್ಲ ಬಳಸುವ ಉಪಾಯ.

ಇನ್ನೊಂದು, ಒತ್ತುವ ರೀತಿ. ಹೆದರಿದವರು ಗಟ್ಟಿಯಾಗಿ ಒತ್ತುತ್ತಾರೆ, ಆಗ ಗೆರೆಗಳು ಚಪ್ಪಟೆಯಾಗಿ ಕೂಡಿಕೊಳ್ಳುತ್ತವೆ. ಇನ್ನು ಕೆಲವರು ಉಗುರಿನ ತುದಿಯಷ್ಟೇ ತಾಗಿಸುತ್ತಾರೆ. ಬೆರಳಿನ ಮೊದಲ ಗಂಟಿನವರೆಗೆ ಪೂರ್ತಿ ಮಲಗಿಸಿ, ಹಗುರವಾಗಿ ಇಟ್ಟು, ಅಲುಗಾಡಿಸದೆ ಇರಬೇಕು. ಊಟದ ಮೇಜಿನ ಮೇಲೆ ಅಮ್ಮನ ಹತ್ತಿರ ಮಾಡಿಸಿ ನೋಡಿ. ಮೊದಲು ಒಂದು ಕೈಯ ನಾಲ್ಕು ಬೆರಳು, ಅದರ ಹೆಬ್ಬೆರಳು, ಆಮೇಲೆ ಇನ್ನೊಂದು ಕೈ. ಆ ದಿನಗಳಲ್ಲಿ ಮನೆಯಲ್ಲಿ ಮದುವೆ ಇದ್ದರೂ ಬೆರಳ ತುದಿಗೆ ಮೆಹೆಂದಿ ಬೇಡ. ಗಾಯ, ಬ್ಯಾಂಡೇಜ್ ಇದ್ದರೆ ವಾಸಿಯಾದ ಮೇಲೆ ಬನ್ನಿ ಎನ್ನಬಹುದು. ಕೇಂದ್ರದ ಸಿಬ್ಬಂದಿ ಒಂದೇ ಸಲಕ್ಕೆ ಸಾಕು ಎಂದು ಅವಸರ ಮಾಡಿದರೆ, ಇನ್ನೊಮ್ಮೆ ತೆಗೆಯಿರಿ ಎಂದು ವಿನಯವಾಗಿ ಕೇಳಲು ಅಮ್ಮನಿಗೆ ಹೇಳಿಕೊಡಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ಪ್ರಯಾಣ. ಅಬುಧಾಬಿ ಮೂಲಕ ಹೋದರೆ ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಲ್ಲೇ ಮುಗಿಯುತ್ತದೆ. 2014ರಿಂದ ಅಲ್ಲಿ ಅಮೆರಿಕದ ಅಧಿಕಾರಿಗಳೇ ಕೂತಿದ್ದಾರೆ. ತಡವಾದರೆ ಮುಂದಿನ ವಿಮಾನ ತಪ್ಪಬಹುದು, ಹಾಗಾಗಿ ನಡುವೆ ಸಾಕಷ್ಟು ಸಮಯ ಇರುವ ಟಿಕೆಟ್ ತೆಗೆಯಿರಿ. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಹೇಗೆ ಎಂದೂ ಕೇಳಿದ್ದೀರಿ. ಯುರೋಪಿನಲ್ಲಿ 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು, ಮುಖದ ಫೋಟೋ ದಾಖಲಿಸುವ ಇಇಎಸ್ ಎಂಬ ವ್ಯವಸ್ಥೆ ಹಂತಹಂತವಾಗಿ ಬಂತು. ಅದು ಷೆಂಗೆನ್ ದೇಶಗಳ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ, ಒಳಗೆ ಕಾಲಿಡುವವರಿಗೆ. ಅಮೆರಿಕದ ವೀಸಾ ಇಟ್ಟುಕೊಂಡು, ಹೊರಗೆ ಹೋಗದೆ ಟ್ರಾನ್ಸಿಟ್ ಜಾಗದಲ್ಲೇ ವಿಮಾನ ಬದಲಾಯಿಸುವ ನಿಮ್ಮ ಅಮ್ಮನಿಗೆ ಅದು ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿ ಈಗ ಮೊದಲು ನೋಡುವುದು ಮುಖವನ್ನು. ಕ್ಯಾಮೆರಾ ಫೋಟೋ ತೆಗೆದು ಪಾಸ್‌ಪೋರ್ಟ್, ವೀಸಾ ಫೋಟೋಗಳ ಜೊತೆ ತಾಳೆ ನೋಡುತ್ತದೆ. ಮೊದಲ ಸಲ ಹೋಗುವವರಿಂದ ಬೆರಳಚ್ಚನ್ನೂ ತೆಗೆದುಕೊಳ್ಳುತ್ತಾರೆ. ನನ್ನ ಅಮ್ಮನ ಬೆರಳು ಬರಲಿಲ್ಲ. ಅಧಿಕಾರಿ ಟಿಶ್ಯೂ ಕೊಟ್ಟು ಕೈ ಒರೆಸಿಕೊಳ್ಳಲು ಹೇಳಿದರು, ಮತ್ತೆ ಇಡಿಸಿದರು, ಆಮೇಲೆ ಪಕ್ಕದ ಕೋಣೆಗೆ ಕಳಿಸಿದರು. ಅದನ್ನು ಸೆಕೆಂಡರಿ ಎನ್ನುತ್ತಾರೆ. ಅಲ್ಲಿಗೆ ಕಳಿಸಿದರು ಎಂದರೆ ಅರೆಸ್ಟ್ ಮಾಡಿದರು ಎಂದಲ್ಲ. ಪಾಸ್‌ಪೋರ್ಟ್ ಅವರ ಹತ್ತಿರ ಇಟ್ಟುಕೊಂಡು, ಕಾಯಿಸಿ, ಎಲ್ಲಿಗೆ, ಯಾರ ಮನೆಗೆ, ಯಾವಾಗ ವಾಪಸ್ ಎಂದು ಕೇಳಿ ಬಿಡುತ್ತಾರೆ. ಅಲ್ಲಿ ಫೋನ್ ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೊರಗೆ ಕಾಯುವ ನಿಮ್ಮ ಭಾವನಿಗೆ ಇದು ಗೊತ್ತಿರಲಿ. ಅಮ್ಮನ ಫೋನ್ ಸಿಗುತ್ತಿಲ್ಲ ಎಂದು ಹಸಿ ಬಾಣಂತಿಯನ್ನು ಗಾಬರಿಪಡಿಸಬಾರದು.

ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಚಿಂತೆಯಿಲ್ಲ. ಫೋನಿನಲ್ಲಿ ಅನುವಾದ ಮಾಡುವವರನ್ನು ಅವರು ಕರೆಸಬಲ್ಲರು. ಆದರೆ ಭಾರತದವರು ಎಂದಾಕ್ಷಣ "ಹಿಂದಿ?" ಎಂದು ಕೇಳುವುದುಂಟು. ಅರ್ಥವಾಗದೆ ಹೂಂ ಎಂದು ತಲೆ ಆಡಿಸಿದರೆ ಅಲ್ಲಿಂದ ತೊಡಕು ಶುರು. "ಕನ್ನಡ" ಎಂದು ಗಟ್ಟಿಯಾಗಿ ಹೇಳಲಿ. ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಡಿ: ನಾನು ಕನ್ನಡ ಮಾತಾಡುತ್ತೇನೆ, ತೋಟದ ಕೆಲಸದಿಂದ ಬೆರಳ ಗೆರೆ ಸವೆದಿದೆ, ಮಗಳ ವಿಳಾಸ ಇದು, ಫೋನ್ ನಂಬರ್ ಇದು, ವಾಪಸ್ ಟಿಕೆಟ್ ಇಂಥ ದಿನ. ನಿಜ ಇದ್ದದ್ದನ್ನೇ ಬರೆಯಿರಿ. ಯಾರೋ ಹೇಳಿಕೊಟ್ಟ ಉತ್ತರ ಬಾಯಿಪಾಠ ಮಾಡಿಸಬೇಡಿ.

ಬೆರಳಚ್ಚೇ ಇಲ್ಲದವರೂ ಗಡಿ ದಾಟುತ್ತಾರೆ. ಸ್ವಿಟ್ಜರ್ಲೆಂಡಿನ ಒಂದು ಕುಟುಂಬದಲ್ಲಿ ಹುಟ್ಟಿನಿಂದಲೇ ಹಲವರಿಗೆ ಗೆರೆಗಳಿಲ್ಲ. ಅದಕ್ಕೆ ಕಾರಣವಾದ ಜೀನನ್ನು 2011ರಲ್ಲಿ ಪತ್ತೆ ಹಚ್ಚಿದರು. ಅದಕ್ಕೆ ವೈದ್ಯರು ಇಟ್ಟ ಅಡ್ಡಹೆಸರೇ ಇಮಿಗ್ರೇಷನ್ ತಡವಾಗುವ ಕಾಯಿಲೆ ಎಂದು! ಕೆಪೆಸಿಟಬೀನ್ ಎಂಬ ಕ್ಯಾನ್ಸರ್ ಔಷಧದಿಂದಲೂ ಬೆರಳ ತೊಗಲು ಸುಲಿದು ಗೆರೆ ಹೋಗುವುದುಂಟು. ಅದನ್ನು ತೆಗೆದುಕೊಳ್ಳುತ್ತಿದ್ದ ಸಿಂಗಾಪುರದ ರೋಗಿಯೊಬ್ಬರನ್ನು 2008ರಲ್ಲಿ ಅಮೆರಿಕದಲ್ಲಿ ನಾಲ್ಕು ಗಂಟೆ ಕೂರಿಸಿ, ಆಮೇಲೆ ಒಳಗೆ ಬಿಟ್ಟರು. ಅವರ ವೈದ್ಯರು ಮರುವರ್ಷ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದು, ಇಂಥ ರೋಗಿಗಳು ವೈದ್ಯರ ಪತ್ರ ಒಯ್ಯಬೇಕು ಎಂದು ಎಚ್ಚರಿಸಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಚಿಕಿತ್ಸೆ ನಡೆಯುತ್ತಿದ್ದರೆ ನೆನಪಿಡಿ.

ಒಂದು ಮಾತು ನನಗೆ ಮನಸ್ಸಿನಲ್ಲಿ ಕೊರೆಯುತ್ತದೆ, ಹೇಳಿಬಿಡುತ್ತೇನೆ. ಕೈಯಿಂದ ದುಡಿದವರನ್ನೇ ಈ ಯಂತ್ರಗಳು ಜಾಸ್ತಿ ನಿಲ್ಲಿಸುತ್ತವೆ. ಕೂಲಿಯವರು, ಗಾರೆ ಕೆಲಸದವರು, ಮನೆಗೆಲಸ ಮಾಡುವ ಹೆಂಗಸರು. ಅಮ್ಮನಿಗೆ ಇದು ನಿನ್ನ ತಪ್ಪಲ್ಲ ಎಂದು ಮೊದಲೇ ಹೇಳಿ. ನನ್ನ ಅಮ್ಮ ಆ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದರಂತೆ. ಹಾಗೆ ಕೂರಬೇಕಾದ ಕಾರಣ ಏನೂ ಇರಲಿಲ್ಲ. ಮತ್ತೆ, ಕೊಟ್ಟ ಅಚ್ಚು ಅವತ್ತಿಗೇ ಮುಗಿಯುವುದಿಲ್ಲ ಎಂಬುದೂ ತಿಳಿದಿರಲಿ. ಅಮೆರಿಕ ಇಂಥ ದಾಖಲೆಗಳನ್ನು 75 ವರ್ಷದವರೆಗೆ ಇಟ್ಟುಕೊಳ್ಳುತ್ತದೆ.

ವಾಪಸ್ ಬರುವಾಗ ಬೆರಳಿನ ಗೋಜು ಕಡಿಮೆ. ಅಮೆರಿಕದಿಂದ ಹೊರಡುವ ವಿದೇಶಿಯರ ಫೋಟೋವನ್ನು ವಿಮಾನ ಹತ್ತುವ ಗೇಟಿನಲ್ಲಿ ತೆಗೆಯಬಹುದು. ಬೆಂಗಳೂರಿನಲ್ಲಿ 2025ರ ಜನವರಿಯಿಂದ ಬಯೋಮೆಟ್ರಿಕ್ ಇ-ಗೇಟ್‌ಗಳ ಸೌಲಭ್ಯ ಇದೆ, ಆದರೆ ಅದು ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ. ಅಮ್ಮ ಮಾಮೂಲಿ ಕೌಂಟರ್‌ಗೆ ಹೋಗಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು.