ಓದುಗರ ಪ್ರಶ್ನೆ, ನಮ್ಮ ಉತ್ತರ: ಮೊದಲು ಗುಂಡು ಹಾರಿಸಿದವನು ಯಾರು?

ಪ್ರಶ್ನೆ: ‘ಸ್ಟಾರ್ ವಾರ್ಸ್’ ಚಿತ್ರದ ಮದ್ಯದಂಗಡಿಯ ದೃಶ್ಯದಲ್ಲಿ ಮೊದಲು ಗುಂಡು ಹಾರಿಸಿದವನು ಯಾರು ಎಂದು ನನ್ನ ಮಗ ಅಂತರ್ಜಾಲದಲ್ಲಿ ಮುಖಪರಿಚಯವೂ ಇಲ್ಲದವರೊಡನೆ ವಾದಕ್ಕಿಳಿಯುತ್ತಾನೆ. ಇಷ್ಟು ಹಳೆಯ ಚಿತ್ರದ ಒಂದು ಕ್ಷಣಕ್ಕಾಗಿ ಇಷ್ಟೊಂದು ಹಟವೇಕೆ? ಚಿತ್ರವನ್ನು ಹಾಕಿ ನೋಡಿದರೆ ತೀರ್ಮಾನವಾಗುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಕಿ ನೋಡಿದರೆ ಜಗಳ ಇನ್ನಷ್ಟು ಬೆಳೆಯುತ್ತದೆ, ಏಕೆಂದರೆ ನೀವು ನೋಡುವ ಪ್ರತಿ ಯಾವ ವರ್ಷದ್ದೋ ಅದರಂತೆ ಉತ್ತರವೂ ಬದಲಾಗುತ್ತದೆ. 1977ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ಮೂಲ ಚಿತ್ರದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ಕಳ್ಳಸಾಗಣೆದಾರ ಹ್ಯಾನ್ ಸೋಲೋನನ್ನು ಹಿಡಿಯಲು ಬಂದ ಗ್ರೀಡೋ, ಮೇಜಿನ ಆಚೆ ಬದಿಯಲ್ಲಿ ಆಯುಧವನ್ನು ಗುರಿಯಿಟ್ಟು ಕುಳಿತಿರುತ್ತಾನೆ. ಹ್ಯಾನ್ ಒಂದು ಕೈಯಿಂದ ಪಕ್ಕದ ಗೋಡೆಯನ್ನು ಏನೂ ಆಗದವನಂತೆ ಕೆರೆಯುತ್ತ, ಇನ್ನೊಂದು ಕೈಯನ್ನು ಮೇಜಿನ ಕೆಳಗೆ ಇಳಿಬಿಟ್ಟು, ಮೆಲ್ಲಗೆ ತನ್ನ ಆಯುಧವನ್ನು ಹೊರಗೆಳೆದು ಹಾರಿಸಿಬಿಡುತ್ತಾನೆ. ಗ್ರೀಡೋ ಗುಂಡು ಹಾರಿಸುವುದೇ ಇಲ್ಲ. ಹಾಗಾಗಿ ಮೊದಲು ಯಾರು ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಅದನ್ನು ಹುಟ್ಟಿಸಿದವರು ಸ್ವತಃ ನಿರ್ದೇಶಕ ಜಾರ್ಜ್ ಲ್ಯೂಕಾಸ್. 1997ರಲ್ಲಿ ಅವರು ಚಿತ್ರವನ್ನು ಪರಿಷ್ಕರಿಸಿ ಮರುಬಿಡುಗಡೆ ಮಾಡಿದಾಗ ಗ್ರೀಡೋನೇ ಮೊದಲು ಹಾರಿಸಿದ, ಮತ್ತು ಒಂದು ಮೇಜಿನಷ್ಟು ಅಂತರದಿಂದ ಗುರಿ ತಪ್ಪಿದ. (ಇಂಥವನನ್ನು ನಂಬಿ ಈ ಕೆಲಸ ಒಪ್ಪಿಸಿದವರ ಬುದ್ಧಿಗೆ ಏನೆನ್ನಬೇಕೋ!) 2004ರ ಡಿವಿಡಿಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಹಾರಿಸುತ್ತಾರೆ. 2019ರಲ್ಲಿ ಡಿಸ್ನಿಯ ಒಟಿಟಿಗೆ ಬಂದ ಪ್ರತಿಯಲ್ಲಿ ಗ್ರೀಡೋ ಗುಂಡು ಹಾರುವ ಮೊದಲು ಯಾರಿಗೂ ಅರ್ಥವಾಗದ ಒಂದು ಮಾತನ್ನೂ ಆಡುತ್ತಾನೆ. ಮುಂದೆ ನಾಯಕನಾಗಿ ರಾಜಕುಮಾರಿಯ ಕೈಹಿಡಿಯುವ ಹ್ಯಾನ್ ತಣ್ಣಗೆ ಕೊಲ್ಲುವವನಾಗಿ ಕಾಣಬಾರದು ಎಂಬುದು ಲ್ಯೂಕಾಸ್ ಸಂದರ್ಶನದಲ್ಲಿ ಕೊಟ್ಟ ಕಾರಣ. ಅಭಿಮಾನಿಗಳ ವಾದ ಇದಕ್ಕೆ ತದ್ವಿರುದ್ಧ: ತನ್ನ ಜೀವ ಮತ್ತು ತನ್ನ ದುಡ್ಡು ಬಿಟ್ಟು ಬೇರೇನನ್ನೂ ಲೆಕ್ಕಿಸದವನು ಕೊನೆಯ ಕಾಳಗದಲ್ಲಿ ಗೆಳೆಯನಿಗಾಗಿ ಹಿಂತಿರುಗುವುದೇ ಆ ಪಾತ್ರದ ಕಥೆಯಾಗಿರುವಾಗ, ಅವನನ್ನು ಆರಂಭದಲ್ಲೇ ಸಭ್ಯನನ್ನಾಗಿ ಮಾಡಿದರೆ ಆ ಮರಳುವಿಕೆಗೆ ಬೆಲೆಯೇನು ಉಳಿಯಿತು? ಈ ವಿಷಯದಲ್ಲಿ ನಾನು ಅಭಿಮಾನಿಗಳ ಪಕ್ಷ.

ಆದರೆ ಹಟ ಇಷ್ಟು ವರ್ಷ ಉಳಿದದ್ದು ಗುಂಡಿನ ಕಾರಣದಿಂದಲ್ಲ, ಮೂಲ ಚಿತ್ರವೇ ಕೈಗೆ ಸಿಗದಂತಾದ ಕಾರಣದಿಂದ. 2006ರಲ್ಲಿ ಮೂಲ ರೂಪವನ್ನು ಡಿವಿಡಿಯೊಡನೆ ಹೆಚ್ಚುವರಿಯಾಗಿ ಕೊಟ್ಟರಾದರೂ, ಅದನ್ನು 1993ರ ಲೇಸರ್‌ಡಿಸ್ಕ್‌ಗೆಂದು (ಡಿವಿಡಿಗೂ ಮೊದಲಿನ ವಿಡಿಯೋ ತಟ್ಟೆ) ಸಿದ್ಧಪಡಿಸಿದ್ದ ಪ್ರತಿಯಿಂದಲೇ ಎತ್ತಿಕೊಂಡಿದ್ದರಿಂದ ಅಗಲ ಪರದೆಯ ಟಿವಿಯಲ್ಲಿ ಅದು ನಾಲ್ಕೂ ಕಡೆ ಕಪ್ಪು ಅಂಚಿನ ನಡುವೆ ಮಸುಕಾಗಿ ಕಾಣುತ್ತಿತ್ತು. ಕೊನೆಗೆ ಅಭಿಮಾನಿಗಳೇ ಹಳೆಯ 35 ಎಂಎಂ ರೀಲುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೀರು ಮತ್ತು ಧೂಳನ್ನು ತೆಗೆದು 1977ರ ಚಿತ್ರವನ್ನು ಮರಳಿ ಕಟ್ಟಿದರು. ಹಕ್ಕುಸ್ವಾಮ್ಯದ ದೃಷ್ಟಿಯಿಂದ ಅದನ್ನು ಸಮರ್ಥಿಸುವುದು ಕಷ್ಟ. ಆದರೂ ವಾದಿಸುತ್ತ ಕೂರದೆ ಸಾಕ್ಷ್ಯವನ್ನು ಹುಡುಕಿ ತಂದವರ ಶ್ರಮವನ್ನು ಒಪ್ಪಲೇಬೇಕು. ಇನ್ನೊಂದು ವಿಚಿತ್ರವನ್ನು ಹೇಳಬೇಕು. ಹಳೆಯ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ವಿವಾದ ಎದ್ದಿದ್ದಾಗ, 1988ರಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಚಲನಚಿತ್ರಗಳನ್ನು ತಿದ್ದಿ ಕೆಡಿಸುವುದರ ವಿರುದ್ಧ ಬಿರುಸಾಗಿ ಮಾತನಾಡಿದವರಲ್ಲಿ ಇದೇ ಲ್ಯೂಕಾಸ್ ಕೂಡ ಇದ್ದರು. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ಸಂಗ್ರಹದಲ್ಲಿದ್ದ 1977ರ ಮೂಲ ಪ್ರತಿಯನ್ನು ಪ್ರದರ್ಶಿಸಿದ್ದು ದೊಡ್ಡ ಸುದ್ದಿಯಾದದ್ದಕ್ಕೆ ಈ ಹಿನ್ನೆಲೆಯೇ ಕಾರಣ.

ಪ್ರಶ್ನೆ: ವಿಡಿಯೋ ಗೇಮ್ ಆಡಿದವರು ಮುಕ್ತಾಯ ಹಿಡಿಸಲಿಲ್ಲವೆಂದು ಕಂಪನಿಯ ಮೇಲೆ ಮುಗಿಬಿದ್ದು ಅದನ್ನು ಬದಲಿಸುವಂತೆ ಕೇಳುವುದು ನ್ಯಾಯವೇ? ಕಾದಂಬರಿಯ ಓದುಗರು ಹಾಗೆ ಕೇಳುವುದಿಲ್ಲವಲ್ಲ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಓದುಗರೂ ಕೇಳಿದ್ದಾರೆ. 1893ರಲ್ಲಿ ಕಾನನ್ ಡಾಯ್ಲ್ ತಮ್ಮ ಪತ್ತೇದಾರ ಷೆರ್ಲಾಕ್ ಹೋಮ್ಸ್‌ನನ್ನು ಕಥೆಯಲ್ಲಿ ಸಾಯಿಸಿದಾಗ ಓದುಗರ ಆಕ್ರೋಶ ಎಷ್ಟಿತ್ತೆಂದರೆ, ಅವರಲ್ಲಿ ಬಹಳ ಮಂದಿ ಪತ್ರಿಕೆಯ ಚಂದಾವನ್ನೇ ನಿಲ್ಲಿಸಿದರು. 1903ರಲ್ಲಿ ಹೋಮ್ಸ್ ಬದುಕಿಯೇ ಇದ್ದನೆಂದು ಲೇಖಕರು ಬರೆಯಬೇಕಾಯಿತು.

ಗೇಮ್‌ಗಳಲ್ಲಿ ಹೆಸರುವಾಸಿಯಾದ ಪ್ರಸಂಗವೆಂದರೆ ಕೆನಡಾದ ಬಯೋವೇರ್ ಕಂಪನಿಯ ‘ಮಾಸ್ ಎಫೆಕ್ಟ್ 3’. ಮೊದಲ ಭಾಗ 2007ರಲ್ಲಿ ಬಂದಿತ್ತು. ಅಲ್ಲಿ ಆಟಗಾರ ಯಾರನ್ನು ಉಳಿಸಿದ, ಯಾರನ್ನು ಕೈಬಿಟ್ಟ ಎಂಬುದೆಲ್ಲ ಮುಂದಿನ ಭಾಗಗಳಿಗೂ ಸಾಗಿಬರುತ್ತಿತ್ತು. ಐದು ವರ್ಷ ಹೀಗೆ ಆಡಿಕೊಂಡು ಬಂದವರಿಗೆ 2012ರ ಮಾರ್ಚ್‌ನಲ್ಲಿ ಸಿಕ್ಕ ಮುಕ್ತಾಯಗಳು, ಕೆಂಪು, ನೀಲಿ, ಹಸಿರು ಬೆಳಕಿನ ವ್ಯತ್ಯಾಸ ಬಿಟ್ಟರೆ ಹೆಚ್ಚುಕಡಿಮೆ ಒಂದೇ ಬಗೆಯಾಗಿದ್ದವು. ಸಿಟ್ಟಿಗೆದ್ದವರಲ್ಲಿ ಒಂದು ಗುಂಪು ನಾನೂರಕ್ಕೂ ಹೆಚ್ಚು ಕಪ್‌ಕೇಕ್‌ಗಳನ್ನು ಕಂಪನಿಗೆ ಕಳುಹಿಸಿತು. ಮೇಲೆ ಮೂರು ಬಣ್ಣ, ಒಳಗೆ ಎಲ್ಲಕ್ಕೂ ಒಂದೇ ರುಚಿ. ಇದಕ್ಕಿಂತ ಸೊಗಸಾದ ವಿಮರ್ಶೆಯನ್ನು ನಾನು ಕಂಡಿಲ್ಲ. ಅದೇ ಸಂದರ್ಭದಲ್ಲಿ ಅಭಿಮಾನಿಗಳು ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ 80 ಸಾವಿರ ಡಾಲರ್‌ಗೂ ಹೆಚ್ಚು ಹಣವನ್ನು ಸಂಗ್ರಹಿಸಿ ಕೊಟ್ಟರು. ಜೂನ್‌ನಲ್ಲಿ ಕಂಪನಿ ವಿಸ್ತರಿಸಿದ ಮುಕ್ತಾಯವನ್ನು ಉಚಿತವಾಗಿ ನೀಡಿತು. ಆದರೆ ಕಥೆಯ ತೀರ್ಮಾನವನ್ನು ಬದಲಿಸದೆ, ಆಟಗಾರನ ಆಯ್ಕೆಗಳ ಪರಿಣಾಮವನ್ನು ಬಿಡಿಸಿ ತೋರಿಸಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದರಲ್ಲೇ ಇದೆ. ಆಯ್ಕೆಗೆ ಬೆಲೆಯಿದೆ ಎಂದು ಹೇಳಿ ಮಾರಿದ ಮೇಲೆ ಆ ಬೆಲೆ ಎಲ್ಲಿ ಎಂದು ಕೇಳುವುದು ಕೊಂಡವರ ಹಕ್ಕು. ನಾಯಕ ಬದುಕಬೇಕೋ ಸಾಯಬೇಕೋ ಎಂಬುದು ಬರೆದವರ ಹಕ್ಕು. ಬರಹಗಾರರ ಮನೆಮಂದಿಯನ್ನೂ ಸೇರಿಸಿ ಬೈಯುವವರು ಈ ಎರಡರಲ್ಲಿ ಯಾವುದರ ಬಗ್ಗೆಯೂ ಮಾತನಾಡುತ್ತಿರುವುದಿಲ್ಲ.

ಪ್ರಶ್ನೆ: ರಾಜ್‌ಕುಮಾರ್ ಅವರ ಚಿತ್ರಗಳಿಗೆ ಬಣ್ಣ ತುಂಬಿದ್ದು ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ಬಣ್ಣದಲ್ಲಿ ತೆರೆಕಂಡವು; ಆ ಮೂಲಕ ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದರು ಎಂಬುದನ್ನು ಅಲ್ಲಗಳೆಯಲಾಗದು. ನನಗೆ ಇಂದಿಗೂ ಕಪ್ಪು-ಬಿಳುಪೇ ಇಷ್ಟ, ಏಕೆಂದರೆ ಛಾಯಾಗ್ರಾಹಕರು ದೀಪಗಳನ್ನು ಹೊಂದಿಸಿದ್ದು ಅದಕ್ಕಾಗಿ. ಮೂಲ ಪ್ರತಿಯೂ ಪಕ್ಕದಲ್ಲೇ ಸಿಗುತ್ತಿರುವಷ್ಟು ಕಾಲ ಬಣ್ಣದ ಪ್ರತಿಗೆ ನನ್ನ ಆಕ್ಷೇಪವಿಲ್ಲ. ವಾಹಿನಿಗಳು ಪ್ರಸಾರದ ಆರಂಭದಲ್ಲಿ ಇದು ಯಾವ ವರ್ಷ ಬಣ್ಣ ತುಂಬಿದ ಪ್ರತಿ ಎಂದು ಒಂದು ಸಾಲು ತೋರಿಸಿದರೆ ಸಾಕು.